ಒಂದು ತಂತ್ರಾಂಶ, ಮನೆಯಲ್ಲಿ ಮೂರು ಕಂಪ್ಯೂಟರ್



ನಿಮ್ಮ ಮನೆಗೆ ಒಂದು ದಿನಪತ್ರಿಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಅಜ್ಜ ಅದನ್ನು ಓದುತ್ತಾರೆ. ಮಧ್ಯಾಹ್ನ ಅಮ್ಮ ಓದುತ್ತಾರೆ. ಸಂಜೆ ಶಾಲೆಯಿಂದ ಬಂದ ನೀವು ಅದರಲ್ಲಿರುವ ಪದಬಂಧ ಬಿಡಿಸುತ್ತೀರಿ. ಮೂವರು ಓದಿದರೆಂದು ಪತ್ರಿಕೆಯವರು ಮೂರು ಪ್ರತಿಗಳ ಹಣ ಕೇಳುವುದಿಲ್ಲ. ಆದರೆ ಅಂಗಡಿಯಿಂದ ಹಣ ಕೊಟ್ಟು ತಂದ ಒಂದು ತಂತ್ರಾಂಶವನ್ನು ಅಣ್ಣನ ಕಂಪ್ಯೂಟರಿಗೆ ಹಾಕಿದ ಮೇಲೆ ಅಕ್ಕನ ಕಂಪ್ಯೂಟರಿಗೂ ಹಾಕಬಹುದೇ? ಎಷ್ಟೋ ತಂತ್ರಾಂಶಗಳ ವಿಷಯದಲ್ಲಿ ಹಾಕುವಂತಿಲ್ಲ!

ಏಕೆ ಗೊತ್ತೇ? ಕಂಪ್ಯೂಟರ್ ಏನು ಮಾಡಬೇಕೆಂದು ತಿಳಿಸುವ ಸೂಚನೆಗಳೇ ತಂತ್ರಾಂಶ. ಹಣ ಕೊಟ್ಟರೂ ನಾವು ಅದರ ಒಡೆಯರಾಗುವುದಿಲ್ಲ. ಅದನ್ನು ಬಳಸುವ ಅನುಮತಿ ಮಾತ್ರ ನಮಗೆ ಸಿಗುತ್ತದೆ. ಈ ಅನುಮತಿಯನ್ನು ಪರವಾನಗಿ ಎನ್ನುತ್ತಾರೆ. ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕುವಾಗ ಪರದೆಯ ಮೇಲೆ ಉದ್ದವಾದ ಬರಹವೊಂದು ಕಾಣಿಸುತ್ತದೆ. ಅದರ ಕೆಳಗೆ ‘ಒಪ್ಪುತ್ತೇನೆ’ ಎಂಬ ಗುಂಡಿ ಇರುತ್ತದೆ. ದೊಡ್ಡವರೂ ಬರಹವನ್ನು ಓದದೆ ಗುಂಡಿಯನ್ನು ಒತ್ತಿಬಿಡುತ್ತಾರೆ. ಎಷ್ಟು ಕಂಪ್ಯೂಟರುಗಳಿಗೆ ಹಾಕಬಹುದು ಎಂಬ ಮಾತು ಅಡಗಿರುವುದು ಆ ಬರಹದಲ್ಲಿಯೇ.

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಕತೆ, ಕವಿತೆ ಬರೆದವರ ಹಕ್ಕನ್ನು ಅದು ಕಾಪಾಡುತ್ತದೆ. 1984ರಲ್ಲಿ ಆ ಕಾಯ್ದೆಯನ್ನು ತಿದ್ದಿ, ಕಂಪ್ಯೂಟರ್ ತಂತ್ರಾಂಶವನ್ನೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದರು. ಕಾನೂನಿನ ಕಣ್ಣಿಗೆ ತಂತ್ರಾಂಶವೂ ಒಂದು ಕಾದಂಬರಿಯಂತೆ! ಆದುದರಿಂದ ಅನುಮತಿ ಇಲ್ಲದೆ ಅದರ ಪ್ರತಿ ಮಾಡಿ ಹಂಚುವುದು ಅಪರಾಧ. ಕೊಂಡದ್ದು ಹಾಳಾದರೆ ಬೇಕಾಗುತ್ತದೆಂದು ಒಂದು ಪ್ರತಿಯನ್ನು ತೆಗೆದಿಡಲು ಮಾತ್ರ ಅಡ್ಡಿಯಿಲ್ಲ.

ಈ ಲೆಕ್ಕ ಯಾವಾಗಲೂ ಒಂದೇ ರೀತಿ ಇರುವುದಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ಆಫೀಸ್ ತಂತ್ರಾಂಶವನ್ನೇ ನೋಡಿ. ಮನೆ ಮತ್ತು ವಿದ್ಯಾರ್ಥಿಗಳಿಗಾಗಿ 2007ರ ಆವೃತ್ತಿ ಎಂದು ಒಂದು ಬಂದಿತ್ತು. ಅದನ್ನು ಒಂದು ಮನೆಯ ಮೂರು ಕಂಪ್ಯೂಟರುಗಳಿಗೆ ಹಾಕಬಹುದಿತ್ತು. ಅಣ್ಣ, ಅಕ್ಕ, ತಮ್ಮ ಎಲ್ಲರಿಗೂ ಒಂದೇ ಪೆಟ್ಟಿಗೆ ಸಾಕಾಗುತ್ತಿತ್ತು. 2013ರ ಆವೃತ್ತಿ ಬಂದಾಗ ಮೂರು ಹೋಗಿ ಒಂದಾಯಿತು. ಅಷ್ಟೇ ಅಲ್ಲ, ಅದನ್ನು ಒಂದು ಕಂಪ್ಯೂಟರಿನಿಂದ ತೆಗೆದು ಇನ್ನೊಂದಕ್ಕೆ ಹಾಕಲೂ ಮೊದಲು ಬಿಡಲಿಲ್ಲ. ಜನರು ಆಕ್ಷೇಪಿಸಿದರು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಕಂಪೆನಿ ಆ ನಿಯಮವನ್ನು ಸಡಿಲಿಸಿತು. ನಿಯಮಗಳನ್ನು ಬರೆಯುವವರು ಮನುಷ್ಯರೇ. ಆಕ್ಷೇಪಿಸಿದರೆ ಅವು ಬದಲಾಗುವುದೂ ಉಂಟು.

ಯಂತ್ರಗಳನ್ನು ಎಣಿಸಿ ಹಣ ಕೇಳುವುದಕ್ಕಿಂತ ಮನೆಗಳನ್ನು ಎಣಿಸಿ ಕೇಳುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ತಯಾರಕರು ಇದಕ್ಕೆ ಒಪ್ಪಲಾರರು. ‘ಪತ್ರಿಕೆಯನ್ನು ಒಬ್ಬರಾದ ಮೇಲೆ ಒಬ್ಬರು ಓದುತ್ತಾರೆ. ತಂತ್ರಾಂಶವಾದರೋ ಮೂರು ಕಡೆ ಒಟ್ಟಿಗೇ ಕೆಲಸ ಮಾಡುತ್ತದೆ. ಅದನ್ನು ಬರೆಯಲು ನೂರಾರು ಜನ ದುಡಿದಿದ್ದಾರೆ’ ಎಂದು ಅವರು ಹೇಳಬಹುದು. ಮಾತು ಸುಳ್ಳಲ್ಲ. ಆದರೆ ಒಂದೇ ಒಲೆಯ ಅನ್ನ ಉಣ್ಣುವ ಮಕ್ಕಳು ಮನೆಪಾಠ ಬರೆಯುವುದು ವ್ಯಾಪಾರವೇ? ಕಚೇರಿಗೂ ಮನೆಗೂ ಒಂದೇ ಅಳತೆಗೋಲು ಸರಿಯೆನಿಸುವುದಿಲ್ಲ.

ಹಾಗೆಂದು ಯಾರದೋ ಪೆನ್‌ಡ್ರೈವಿನಿಂದ ಕದ್ದ ಪ್ರತಿಯನ್ನು ಹಾಕಿಕೊಳ್ಳೋಣವೇ? ಬೇಡ. ‘ಒಪ್ಪುತ್ತೇನೆ’ ಎಂದ ಮೇಲೆ ಅದು ನಾವು ಕೊಟ್ಟ ಮಾತು. ಅಂಥ ಪ್ರತಿಗಳ ಜೊತೆ ವೈರಸ್ ಕೂಡ ಬರಬಹುದು. ನಮಗೆ ಇನ್ನೊಂದು ದಾರಿಯೂ ಇದೆಯಲ್ಲ!

ನಮ್ಮ ತೋಟದಲ್ಲಿ ಒಳ್ಳೆಯ ಕರಿಮೆಣಸಿನ ಬಳ್ಳಿ ಕಂಡರೆ ನೆರೆಮನೆಯವರು ಒಂದು ಕುಡಿ ಕೇಳುತ್ತಾರೆ. ಕೊಟ್ಟರೆ ನಮ್ಮ ಬಳ್ಳಿ ಬಾಡುವುದಿಲ್ಲ. ಅವರ ಮರಕ್ಕೂ ಬಳ್ಳಿ ಹಬ್ಬುತ್ತದೆ. ತಂತ್ರಾಂಶವನ್ನೂ ಹೀಗೆ ಹಂಚಿಕೊಳ್ಳಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಎಂಬ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಇಂಥವು ಸ್ವತಂತ್ರ ತಂತ್ರಾಂಶಗಳು. ಇವುಗಳಿಗೂ ಪರವಾನಗಿ ಇದೆ. ಆದರೆ ಅದು ಬೇರೆಯೇ ಭಾಷೆಯಲ್ಲಿ ಮಾತಾಡುತ್ತದೆ: ಎಷ್ಟು ಕಂಪ್ಯೂಟರುಗಳಿಗೆ ಬೇಕಾದರೂ ಹಾಕಿ, ಒಳಗೆ ಏನಿದೆ ನೋಡಿ, ತಿದ್ದಿ, ಗೆಳೆಯರಿಗೂ ಕೊಡಿ.

ಇವು ದೂರದ ವಸ್ತುಗಳಲ್ಲ. ಕೇರಳದ ಶಾಲೆಗಳಲ್ಲಿ ನೀವು ಬಳಸುವ ಕಂಪ್ಯೂಟರುಗಳು ನಡೆಯುವುದು ಗ್ನು ಲಿನಕ್ಸಿನಿಂದಲೇ. ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿದ ಈ ಕೆಲಸವನ್ನು 2017ರಿಂದ ಕೈಟ್ ಸಂಸ್ಥೆ ಮುಂದುವರಿಸಿದೆ. ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಆಟವಾಡುತ್ತಾ ಕಲಿಸುವ ಜಿಕಾಂಪ್ರಿ ಇವೆಲ್ಲ ಸ್ವತಂತ್ರ ತಂತ್ರಾಂಶಗಳೇ. ಜಿಕಾಂಪ್ರಿ ಎಂಬುದು ‘ನನಗೆ ಅರ್ಥವಾಯಿತು’ ಎಂಬ ಫ್ರೆಂಚ್ ಮಾತನ್ನು ಹೋಲುವ ಹೆಸರು. ಎಷ್ಟು ಚೆನ್ನಾಗಿದೆ, ಅಲ್ಲವೇ?

ಇವುಗಳಲ್ಲಿ ಕೊರತೆಯೇ ಇಲ್ಲವೆಂದಲ್ಲ. ಕೆಲವು ಪ್ರಿಂಟರುಗಳು ಹಟ ಮಾಡುತ್ತವೆ. ಬೇರೆ ತಂತ್ರಾಂಶದಲ್ಲಿ ಬರೆದ ಪುಟವನ್ನು ತೆರೆದರೆ ಸಾಲುಗಳು ಅತ್ತಿತ್ತ ಸರಿಯುವುದೂ ಉಂಟು. ಆದರೂ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ ಮೊದಲು ಇವನ್ನೇ ಪರೀಕ್ಷಿಸಿ ನೋಡಬೇಕೆಂದು ನಾನು ಹೇಳುತ್ತೇನೆ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರಲ್ಲಿ ಕೇಳಿ, ಹೇಗೆ ಹಾಕುವುದೆಂದು ತಿಳಿಸಿಕೊಡುತ್ತಾರೆ. ಆದರೆ ಅಪ್ಪ ಅಮ್ಮನನ್ನು ಕೇಳದೆ ನೀವೇ ಕೈಹಾಕಬೇಡಿ. ಹೊಸದನ್ನು ಹಾಕುವಾಗ ಹಳೆಯ ಕಡತಗಳು ಅಳಿಸಿಹೋಗಬಹುದು. ಅಕ್ಕನ ಮದುವೆಯ ಫೋಟೋಗಳನ್ನೂ ಅಜ್ಜ ಬರೆದಿಟ್ಟ ತೋಟದ ಲೆಕ್ಕವನ್ನೂ ಮೊದಲು ಬೇರೊಂದು ಕಡೆ ಪ್ರತಿ ಮಾಡಿಡಿ. ಆ ಪ್ರತಿಗೆ ಯಾರ ಪರವಾನಗಿಯೂ ಬೇಕಾಗಿಲ್ಲ.