ಸೋತ ಮೇಲಿನ ಪಂದ್ಯವನ್ನೂ ನೋಡಿ

ಸಚಿನ್ ದೊಡ್ಡ ಆಟಗಾರನೋ ಕೊಹ್ಲಿಯೋ ಎಂಬ ಜಗಳ ನಮ್ಮ ಹಾಸ್ಟೆಲ್‌ಗಳಲ್ಲಿ ಮುಗಿಯುವುದೇ ಇಲ್ಲ. ಬಾಕ್ಸಿಂಗ್ ನೋಡುವವರ ನಡುವೆಯೂ ಇಂಥದ್ದೊಂದು ಜಗಳ ದಶಕಗಳಿಂದ ಇದೆ. ಬೇರೆ ಬೇರೆ ಕಾಲದ ಮಿಡಲ್‌ವೇಟ್ ಚಾಂಪಿಯನ್‌ಗಳನ್ನು ಒಂದೇ ರಿಂಗ್‌ಗೆ ಇಳಿಸಿದರೆ ಗೆಲ್ಲುವವರು ಯಾರು? 1950ರ ದಶಕದ ಶುಗರ್ ರೇ ರಾಬಿನ್ಸನ್ನೋ, 1970ರ ದಶಕದ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನೋ, 1980ರ ದಶಕದ ಮಾರ್ವಿನ್ ಹ್ಯಾಗ್ಲರೋ, ಆಮೇಲೆ ಬಂದ ಬರ್ನಾರ್ಡ್ ಹಾಪ್ಕಿನ್ಸೋ? ಇದು ಕೆಲಸವಿಲ್ಲದವರ ಮಾತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನನ್ನ ತಕರಾರು ಇರುವುದು ಈ ಚರ್ಚೆ ನಡೆಯುವ ರೀತಿಯ ಬಗ್ಗೆ.

ಹೋಲಿಕೆಗೆ ಮಿಡಲ್‌ವೇಟ್ ಹೇಳಿ ಮಾಡಿಸಿದ ವಿಭಾಗ. ಹೆವಿವೇಟ್‌ನಲ್ಲಿ ತೂಕಕ್ಕೆ ಮೇಲ್ಮಿತಿಯೇ ಇಲ್ಲ, ಹಾಗಾಗಿ ಕಾಲ ಕಳೆದಂತೆ ಬಾಕ್ಸರ್‌ಗಳ ಗಾತ್ರವೇ ಬದಲಾಗಿದೆ. ವೃತ್ತಿಪರ ಮಿಡಲ್‌ವೇಟ್‌ನ ಮಿತಿ ಮಾತ್ರ ರಾಬಿನ್ಸನ್ ಕಾಲದಲ್ಲೂ 160 ಪೌಂಡ್, ಈಗಲೂ 160 ಪೌಂಡ್. ಅಂದರೆ ಸುಮಾರು 72.5 ಕೆ.ಜಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿಜೇಂದರ್ ಸಿಂಗ್ ಕಂಚು ಗೆದ್ದದ್ದೂ ಮಿಡಲ್‌ವೇಟ್‌ನಲ್ಲೇ. ಆದರೆ ಅಲ್ಲಿನ ಮಿತಿ 75 ಕೆ.ಜಿ.

ತೂಕ ಒಂದೇ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಆಗುವುದಿಲ್ಲ. ಲ್ಯಾಬ್‌ನಲ್ಲಿ ರೀಡಿಂಗ್ ಬರೆಯುವಾಗ ತಾಪಮಾನ ಎಷ್ಟು, ಲೋಡ್ ಎಷ್ಟು ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಇಲ್ಲೂ ಹಾಗೆಯೇ. ಮೊದಲೆಲ್ಲ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನವೇ ನೋಡುತ್ತಾರೆ. ಬೆವರಿಳಿಸಿ 160ಕ್ಕೆ ಬಂದವರು ಒಂದು ರಾತ್ರಿಯಲ್ಲಿ ನೀರು, ಊಟದಿಂದ ಚೇತರಿಸಿಕೊಂಡು ಹೆಚ್ಚು ತೂಕದೊಂದಿಗೇ ರಿಂಗ್‌ಗೆ ಇಳಿಯುತ್ತಾರೆ.

ಸುತ್ತುಗಳ ಲೆಕ್ಕವೂ ಬದಲಾಗಿದೆ. 1982ರಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮಾನ್ಸಿನಿ ವಿರುದ್ಧ 14ನೇ ಸುತ್ತಿನವರೆಗೆ ಹೋರಾಡಿದ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ಸಾವನ್ನಪ್ಪಿದರು. ಆ ಸಾವಿನ ನಂತರ ವಿಶ್ವ ಪ್ರಶಸ್ತಿ ಪಂದ್ಯಗಳು ಒಂದೊಂದಾಗಿ 15 ಸುತ್ತಿನಿಂದ 12ಕ್ಕೆ ಇಳಿದವು. ಆಗಲೇಬೇಕಿದ್ದ ಬದಲಾವಣೆ ಅದು. ಆದರೆ ಕೊನೆಯ ಮೂರು ಸುತ್ತು ಹೋದ ಮೇಲೆ ಹೋರಾಟದ ಲೆಕ್ಕಾಚಾರವೇ ಬೇರೆಯಾಯಿತು. 1983ರಲ್ಲಿ ಹ್ಯಾಗ್ಲರ್ ಮತ್ತು ರಾಬರ್ಟೊ ಡುರಾನ್ ನಡುವಿನ 15 ಸುತ್ತಿನ ಪಂದ್ಯ ನೋಡಿ. 13 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಡುರಾನ್ ಒಂದು ಅಂಕ ಮುಂದಿದ್ದರು. ಕೊನೆಯ ಎರಡು ಸುತ್ತು ಗೆದ್ದು ಹ್ಯಾಗ್ಲರ್ ಪಟ್ಟ ಉಳಿಸಿಕೊಂಡರು. 1987ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ಅದೇ ಪಟ್ಟ ಕಳೆದುಕೊಂಡದ್ದು 12 ಸುತ್ತಿನ ಪಂದ್ಯದಲ್ಲಿ, ಅದೂ ತೀರ್ಪುಗಾರರ ಒಡೆದ ತೀರ್ಪಿನಿಂದ.

ಹಾಗಾಗಿ ಷರತ್ತು ಹಾಕಿಯೇ ನನ್ನ ತೀರ್ಪು ಹೇಳುತ್ತೇನೆ. ಅದೇ ದಿನ ತೂಕ, 15 ಸುತ್ತು, ಒಂದೇ ರಾತ್ರಿ. ಹಾಪ್ಕಿನ್ಸ್ 1995ರಿಂದ 2005ರ ನಡುವೆ 20 ಬಾರಿ ಪಟ್ಟ ಉಳಿಸಿಕೊಂಡವರು, ಎದುರಾಳಿಯ ಆಟವನ್ನೇ ಕಟ್ಟಿಹಾಕುವವರು. ಆದರೂ ಆ ಕೊನೆಯ ಮೂರು ಸುತ್ತುಗಳಲ್ಲಿ ಹ್ಯಾಗ್ಲರ್ ಮೇಲುಗೈ ಸಾಧಿಸುತ್ತಾರೆ. ಹ್ಯಾಗ್ಲರ್ ಎದುರು ಮೊನ್ಸೋನ್ ಬಂದರೆ ಎತ್ತರ, ಉದ್ದನೆಯ ತೋಳು ಮತ್ತು ನೇರ ಬಲಗೈ ಹೊಡೆತದಿಂದ ಮೊನ್ಸೋನ್ ಕೂದಲೆಳೆಯಲ್ಲಿ ಗೆಲ್ಲುತ್ತಾರೆ. 1970ರಲ್ಲಿ ಪಟ್ಟ ಗೆದ್ದು, 14 ಬಾರಿ ಉಳಿಸಿಕೊಂಡು, 1977ರಲ್ಲಿ ಚಾಂಪಿಯನ್ ಆಗಿಯೇ ನಿವೃತ್ತರಾದವರು ಅವರು. ರಾಬಿನ್ಸನ್ ಎದುರು ಕೂಡ ಆ ಒಂದು ರಾತ್ರಿಗೆ ನನ್ನ ಮತ ಮೊನ್ಸೋನ್‌ಗೇ. ರಾಬಿನ್ಸನ್ ಅವರ ಅತ್ಯುತ್ತಮ ವರ್ಷಗಳು ಕಳೆದದ್ದು 147 ಪೌಂಡ್‌ನ ವೆಲ್ಟರ್‌ವೇಟ್‌ನಲ್ಲಿ. ಮಿಡಲ್‌ವೇಟ್ ಪಟ್ಟ ಮೊದಲು ಗೆದ್ದಾಗ ಅವರಿಗೆ ಮೂವತ್ತು ಹತ್ತಿರವಾಗಿತ್ತು.

ಹಾಗಾದರೆ ಮೊನ್ಸೋನೇ ಶ್ರೇಷ್ಠರೇ? ಅಲ್ಲ. ನಮ್ಮ ಚರ್ಚೆ ತಪ್ಪುವುದು ಇಲ್ಲೇ. ಕಾಲ್ಪನಿಕ ಪಂದ್ಯ ಎಂದಕೂಡಲೇ ಎಲ್ಲರೂ ಒಂದೇ ಪಂದ್ಯ ಕಲ್ಪಿಸಿಕೊಳ್ಳುತ್ತಾರೆ. ರಾಬಿನ್ಸನ್ ಅವರನ್ನು ಅಳೆಯಬೇಕಾದದ್ದು ಎರಡನೇ ಪಂದ್ಯದಲ್ಲಿ.

1943ರ ಫೆಬ್ರುವರಿಯಲ್ಲಿ ಅವರು ಜೇಕ್ ಲಾಮೊಟಾ ಎದುರು ಸೋತರು. ಮೂರೇ ವಾರದಲ್ಲಿ ಅದೇ ಲಾಮೊಟಾ ಅವರನ್ನು ಸೋಲಿಸಿದರು. ಒಟ್ಟು ಆರು ಪಂದ್ಯಗಳಲ್ಲಿ ಐದು ರಾಬಿನ್ಸನ್ ಪಾಲಾದವು. 1951ರ ಜುಲೈನಲ್ಲಿ ಲಂಡನ್‌ನಲ್ಲಿ ರ‍್ಯಾಂಡಿ ಟರ್ಪಿನ್‌ಗೆ ಪಟ್ಟ ಬಿಟ್ಟುಕೊಟ್ಟು, ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಾಪಸ್ ಪಡೆದರು. 1957ರ ಜನವರಿಯಲ್ಲಿ ಜೀನ್ ಫುಲ್‌ಮರ್ ಗೆದ್ದರೆ, ಮೇ ತಿಂಗಳಲ್ಲಿ ಐದನೇ ಸುತ್ತಿನ ಒಂದೇ ಎಡಗೈ ಹುಕ್‌ಗೆ ಅದೇ ಫುಲ್‌ಮರ್ ನೆಲಕ್ಕೊರಗಿದರು. ಅದೇ ವರ್ಷ ಕಾರ್ಮೆನ್ ಬಸಿಲಿಯೊ ಎದುರು ಸೋತು, ಮರುವರ್ಷ 36ರ ವಯಸ್ಸಿನಲ್ಲಿ ಅವರಿಂದಲೂ ಪಟ್ಟ ಕಿತ್ತುಕೊಂಡರು. ಎಲ್ಲ ಸಲವೂ ಹೀಗಾಗಲಿಲ್ಲ, ನಿಜ. 1960ರಲ್ಲಿ ಪಾಲ್ ಪೆಂಡರ್ ಎದುರು ಎರಡು ಸಲವೂ ಸೋತರು. ಆದರೂ ಮೊದಲ ಪಂದ್ಯದಲ್ಲಿ ತನ್ನನ್ನು ಸೋಲಿಸಿದವರನ್ನು ಓದಿಕೊಂಡು ಮತ್ತೆ ಬರುವುದರಲ್ಲಿ ಮಿಡಲ್‌ವೇಟ್‌ನಲ್ಲಿ ಅವರಿಗೆ ಸಾಟಿಯಿಲ್ಲ. ಮೂರು ಪಂದ್ಯಗಳ ಸರಣಿ ಎಂದರೆ ನನ್ನ ಮತ ರಾಬಿನ್ಸನ್‌ಗೆ. ಹ್ಯಾಗ್ಲರ್ ಕೂಡ 1976ರಲ್ಲಿ ತಮ್ಮನ್ನು ಸೋಲಿಸಿದ ಇಬ್ಬರನ್ನೂ ಮುಂದೆ ಸೋಲಿಸಿದವರೇ. ಅವರಿಗೆ ಮರುಪಂದ್ಯ ಸಿಗದೇ ಹೋದದ್ದು ಲೆನಾರ್ಡ್ ಎದುರು ಮಾತ್ರ.

ಇದನ್ನು ಈ ಪುಟದಲ್ಲಿ ಬರೆಯಲು ಕಾರಣವಿದೆ. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಬರುವ ಕೆಲವು ಕಂಪನಿಗಳು ಹಾಕುವ ಒಂದು ಷರತ್ತು ನಿಮಗೂ ಗೊತ್ತಿರಬಹುದು: ಬಾಕಿ ಬ್ಯಾಕ್‌ಲಾಗ್ ಇರಬಾರದು ಎಂದಷ್ಟೇ ಅಲ್ಲ, ಹಿಂದೆ ಎಂದೂ ಬ್ಯಾಕ್‌ಲಾಗ್ ಆಗಿರಲೇಬಾರದು. ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ಫೇಲಾಗಿ, ಮತ್ತೆ ಓದಿ ಒಳ್ಳೆಯ ಅಂಕ ತೆಗೆದವರಿಗೆ ಪರೀಕ್ಷೆ ಬರೆಯುವ ಅವಕಾಶವೂ ಇಲ್ಲ. ಸಾವಿರಾರು ಅರ್ಜಿಗಳನ್ನು ಸೋಸಲು ಏನಾದರೂ ಜರಡಿ ಬೇಕಲ್ಲ ಎಂದು ಅವರು ಹೇಳಬಹುದು. ಬೇಕು, ಒಪ್ಪೋಣ. ಇವತ್ತು ಬಾಕಿ ಏನಿದೆ, ಈಗ ಏನು ಗೊತ್ತಿದೆ ಎಂದು ನೋಡಿ ಸೋಸಲಿ. ತೀರಿಸಿದ ಸಾಲಕ್ಕೆ ಮತ್ತೆ ಬಡ್ಡಿ ಕೇಳುವುದು ಯಾವ ನ್ಯಾಯ?

ಸೋಲೇ ಇಲ್ಲದ ದಾಖಲೆ ಬೇಕು ಎಂಬ ಜರಡಿ ಹಿಡಿದರೆ ರಾಬಿನ್ಸನ್ ಮೊದಲ ಸುತ್ತಿನಲ್ಲೇ ಹೊರಬೀಳುತ್ತಾರೆ, ಹ್ಯಾಗ್ಲರ್, ಮೊನ್ಸೋನ್, ಹಾಪ್ಕಿನ್ಸ್ ಕೂಡ. ಮುಂದಿನ ಸಲ ಯಾರು ಶ್ರೇಷ್ಠರು ಎಂದು ವಾದಿಸುವಾಗ ಎಷ್ಟು ಸಲ ಸೋತರು ಎಂದು ಕೇಳಿ, ತಪ್ಪಿಲ್ಲ. ಸೋತ ಮೇಲೆ ಅದೇ ಎದುರಾಳಿಯ ಮುಂದೆ ಏನು ಮಾಡಿದರು ಎಂಬುದನ್ನೂ ಕೇಳಿ.