ನಡಾವಳಿ ಪುಸ್ತಕ ಬೀರುವಲ್ಲೇ ಯಾಕಿರಬೇಕು?

ಮೊದಲೇ ಒಪ್ಕೊಂಡ್ಬಿಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಕೈಬರಹ ಓದೋಕೆ ಈಗಲೂ ತಡವರಿಸ್ತೀನಿ. ಹಾಗಾಗಿ ಕಳೆದ ರಜೆಯಲ್ಲಿ ಎನ್‌ಎಸ್‌ಎಸ್ ಕಡೆಯಿಂದ ಯಲಹಂಕದ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಹೋಗಿದ್ದಾಗ, ಹೆಚ್‌ಎಂ ಮೇಡಂ ಬೀರು ತೆಗೆದು ಒಂದು ದಪ್ಪ ಪುಸ್ತಕ ಕೈಗಿಟ್ಟು, "ಇಂಜಿನಿಯರಿಂಗ್ ಹುಡುಗ್ರಲ್ವಾ, ಇದನ್ನೂ ಕಂಪ್ಯೂಟರ್‌ಗೆ ಹಾಕಿಕೊಡ್ರಪ್ಪ" ಅಂದಾಗ ಬೆವರಿದೆ.

ಅದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಡಾವಳಿ ಪುಸ್ತಕ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಈ ಸಮಿತಿಗಳು ಬಂದವು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಂದರೆ ಕಾಗದದ ಮೇಲೆ ಶಾಲೆಯ ಮೇಲೆ ಕಣ್ಣಿಡೋರು ಅಪ್ಪ ಅಮ್ಮಂದಿರೇ.

ನಾವು ಮೂರು ಜನ ಪುಟ ಪುಟ ಫೋಟೋ ತೆಗೀತಾ ಹೋದ್ವಿ. "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅನ್ನೋ ಸಾಲು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪ್ ಹಾಕಿಸಬೇಕು ಅನ್ನೋ ತೀರ್ಮಾನ ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಪಾಸಾಗಿತ್ತು. ಪೈಪ್ ಮಾತ್ರ ಇನ್ನೂ ಬಂದಿರಲಿಲ್ಲ. ಯಾರೋ ಕಳ್ಳತನ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಮಗು ಶಾಲೆ ಮುಗಿಸಿದರೆ ಪೋಷಕರೂ ಸಮಿತಿ ಬಿಡ್ತಾರೆ, ಹೆಚ್‌ಎಂ ವರ್ಗ ಆಗ್ತಾರೆ. ಹೊಸಬರಿಗೆ ಹಳೇದು ಗೊತ್ತಿರಲ್ಲ. ನೆನಪು ಇರೋದು ಪುಸ್ತಕದಲ್ಲಿ, ಪುಸ್ತಕ ಇರೋದು ಬೀರುವಲ್ಲಿ.

ಅವತ್ತು ಸಮಿತಿಯ ಒಬ್ಬ ಸದಸ್ಯೆ ಅಲ್ಲೇ ಇದ್ರು. ರಾಯಚೂರು ಕಡೆಯವರು, ಕಟ್ಟಡ ಕೆಲಸಕ್ಕೆ ಅಂತ ಇಲ್ಲಿಗೆ ಬಂದವರು. "ಅಕ್ಕಾ, ಇದರಲ್ಲಿ ನಿಮ್ಮ ಹೆಬ್ಬೆಟ್ಟೂ ಇದೆ" ಅಂದೆ. "ಒತ್ತು ಅಂದ್ರು, ಒತ್ತೀನಿ ತಮ್ಮಾ. ಏನ್ ಬರದಾರ ಅನ್ನೂದು ನನಗೇನ್ ಗೊತ್ತು?" ಅಂದ್ರು. ನನಗೂ ಅವರಿಗೂ ಅಂಥಾ ವ್ಯತ್ಯಾಸ ಏನಿರಲಿಲ್ಲ. ಇಬ್ಬರಿಗೂ ಆ ಪುಟ ಓದೋಕೆ ಬರ್ತಿರಲಿಲ್ಲ.

ಹಾಗಂತ ಶಾಲೆಯಲ್ಲಿ ಕಂಪ್ಯೂಟರ್ ಕೆಲಸ ನಡೀತಿಲ್ಲ ಅಂತಲ್ಲ. ಮಕ್ಕಳ ವಿವರ ಸ್ಯಾಟ್ಸ್‌ಗೆ ಹೋಗುತ್ತೆ, ಶಾಲೆಯ ಅಂಕಿಅಂಶ ಯುಡೈಸ್ ಪ್ಲಸ್‌ಗೆ ಹೋಗುತ್ತೆ. ಎಲ್ಲಾ ಮೇಲಕ್ಕೇ. ಪೋಷಕರ ಕಡೆಗೆ ಕೆಳಗೆ ಬರೋದು ಏನೂ ಕಾಣಲ್ಲ. ನನ್ನ ತಕರಾರು ಇದೇ. ನಡಾವಳಿಯನ್ನು ಡಿಜಿಟಲ್ ಮಾಡೋದು ಆಫೀಸಿಗೆ ಇನ್ನೊಂದು ರಿಪೋರ್ಟ್ ಕಳಿಸೋಕಲ್ಲ, ಹೆಬ್ಬೆಟ್ಟು ಒತ್ತಿದವರಿಗೆ ಅದನ್ನು ವಾಪಸ್ ತಲುಪಿಸೋಕೆ.

ಇದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಹೋದಾಗ ರೈತನಿಗೆ ಲಾಭ ಆಗಿದ್ದು ದಾಖಲೆ ತಾಲ್ಲೂಕು ಕಚೇರಿಯಲ್ಲಿ ಭದ್ರವಾಗಿದೆ ಅಂತಲ್ಲ. 15 ರೂಪಾಯಿ ಕೊಟ್ಟರೆ ಪ್ರಿಂಟ್ ಅವನ ಕೈಗೆ ಸಿಗ್ತಿತ್ತು ಅಂತ. ಶಿಕ್ಷಣ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳೂ ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು, ನಡಾವಳಿ ಸಾರ್ವಜನಿಕರಿಗೆ ಸಿಗಬೇಕು ಅನ್ನುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ದಾಖಲೆಗಳಿಗೆ ಸೂಚಿ ಮಾಡಿಡಿ, ಆಗುವಷ್ಟನ್ನು ಕಂಪ್ಯೂಟರೀಕರಿಸಿ ಅನ್ನುತ್ತೆ.

ಈಗ ನಮ್ಮಲ್ಲಿ ಯಾರಾದ್ರೂ "ಆ್ಯಪ್ ಮಾಡೋಣ ಮಚ್ಚಾ" ಅಂತಾರೆ. ದಯವಿಟ್ಟು ಬೇಡ. ನಾವು ನಾಲ್ಕನೇ ವರ್ಷ ಮುಗಿಸಿ ಹೋದ್ಮೇಲೆ ಅದನ್ನು ನೋಡ್ಕೊಳ್ಳೋರು ಯಾರು? ಡೇಟಾ ಎಂಟ್ರಿ ಮಾಡಿ ಮಾಡಿ ಟೀಚರ್‌ಗಳಿಗೆ ಈಗಾಗಲೇ ಸಾಕಾಗಿದೆ. ಮೀಟಿಂಗ್ ಆದ್ಮೇಲೆ ಹತ್ತು ನಿಮಿಷದಲ್ಲಿ ಮುಗಿಯದ ಯಾವ ಸಿಸ್ಟಮ್ಮೂ ಉಳಿಯಲ್ಲ.

ಪುಸ್ತಕ ಇರಲಿ, ಸಹಿ ಅದರಲ್ಲೇ ಆಗಲಿ. ಅದೇ ದಿನ ಮೊಬೈಲ್‌ನಲ್ಲಿ ಪುಟ ಸ್ಕ್ಯಾನ್ ಮಾಡಿ, ಫೈಲ್ ಹೆಸರಲ್ಲಿ ವರ್ಷ, ತಿಂಗಳು, ದಿನ ಹಾಕಿ. ಪಕ್ಕದಲ್ಲಿ ಒಂದು ಶೀಟ್: ತೀರ್ಮಾನ ಏನು, ಎಷ್ಟು ಹಣ, ಯಾರ ಜವಾಬ್ದಾರಿ, ಆಯ್ತಾ ಇಲ್ವಾ. ಟೈಪ್ ಮಾಡೋದು ಯುನಿಕೋಡ್‌ನಲ್ಲೇ ಇರಲಿ. ಹಳೇ ಫಾಂಟ್‌ನಲ್ಲಿ ಮಾಡಿದ್ರೆ ನಾಳೆ ಹುಡುಕಿದರೂ ಸಿಗಲ್ಲ. ಖಾತೆ ಶಾಲೆಯ ಇಮೇಲ್‌ನಲ್ಲಿರಲಿ, ಹೆಚ್‌ಎಂ ಅವರ ಸ್ವಂತ ಫೋನ್‌ನಲ್ಲಿ ಅಲ್ಲ. ಕೊನೆಗೆ, ತೀರ್ಮಾನಗಳನ್ನು ಯಾರಾದರೂ ಓದಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಲಿ. ನನ್ನ ಪ್ರಕಾರ ಇದೇ ಮುಖ್ಯ.

ಎಲ್ಲವನ್ನೂ ಬಯಲಿಗೆ ಹಾಕಬೇಕು ಅಂತಲ್ಲ. ಮಗುವಿನ ಹೆಸರು, ಜಾತಿ, ಆಧಾರ್, ಯಾರದೋ ಮೇಲಿನ ದೂರು ಗುಂಪಿಗೆ ಹೋಗಬಾರದು. ಇಂಗ್ಲೆಂಡಿನ ಶಾಲಾ ಆಡಳಿತ ಮಂಡಳಿಗಳಲ್ಲೂ ನಡಾವಳಿಯನ್ನು ಕೇಳಿದವರಿಗೆ ತೋರಿಸ್ತಾರೆ, ಗೋಪ್ಯವಾಗಿರಬೇಕಾದ್ದನ್ನು ಬೇರೆ ಇಡ್ತಾರೆ. ನಾವೂ ಹಾಗೇ ಮಾಡಬಹುದು.

ಆ ಅಕ್ಕನಿಗೆ ಶೀಟ್ ಓದಿ ಹೇಳಿದೆ. ತಪ್ಪು ತಪ್ಪಾಗಿ ಓದಿದೆ ಅನ್ಸುತ್ತೆ, ಹೆಚ್‌ಎಂ ಮೇಡಂ ಎರಡು ಕಡೆ ತಿದ್ದಿದ್ರು. ಅಕ್ಕ ಪೂರ್ತಿ ಕೇಳಿ, "ಹಂಗಾರ ಪೈಪಿಂದು ಮೂರು ಸಲ ಬರದಾರೇನು? ಮುಂದಿನ ಮೀಟಿಂಗಿನ್ಯಾಗ ಕೇಳ್ತೀನಿ" ಅಂದ್ರು. ಮೇಡಂ ನಕ್ಕು, "ಕೇಳಿ, ನಾನೂ ಬರ್ಕೋತೀನಿ" ಅಂದ್ರು.

ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ನಿಮ್ಮ ಪಿಜಿ ಇರೋ ಬೀದಿಯಲ್ಲೂ ಒಂದು ಸರ್ಕಾರಿ ಶಾಲೆ ಇರಬಹುದು. ಒಂದು ಶನಿವಾರ ಹೋಗಿ ಕೇಳಿ ನೋಡಿ. ಕೋಡಿಂಗ್ ಬರದಿದ್ದರೂ ಪರವಾಗಿಲ್ಲ. ಕನ್ನಡ ಓದೋಕೆ ಬಂದ್ರೆ ಸಾಕು.