ಜಗಲಿಗೆ ಯಾರ ಅಪ್ಪಣೆ?

ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘವು ನನ್ನ ಮನೆಯ ನಕ್ಷೆಯನ್ನು ಎರಡನೆಯ ಬಾರಿ ತಿರಸ್ಕರಿಸಿದೆ. ಮುಂಭಾಗದ ಜಗಲಿಯೂ ಮಂಗಳೂರು ಹೆಂಚಿನ ಸೂರೂ ‘ಏಕರೂಪತೆ’ಗೆ ಭಂಗವಂತೆ! ಇದೇ ನಕ್ಷೆಗೆ ಪಾಲಿಕೆ ಮಂಜೂರಾತಿ ನೀಡಿ ತಿಂಗಳುಗಳೇ ಸಂದಿವೆ. ಕಟ್ಟಡದ ಪರವಾನಗಿ ಕೊಡುವ ಅಧಿಕಾರವನ್ನು 1976ರ ಮಹಾನಗರಪಾಲಿಕೆ ಕಾಯ್ದೆಯು ಪಾಲಿಕೆಗೆ ವಹಿಸಿದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹುಟ್ಟಿದ ನಮ್ಮ ಸಂಘಕ್ಕಲ್ಲ. ಕ್ರಯಪತ್ರದ ಷರತ್ತುಗಳಿಗೆ ನಾನು ಬದ್ಧ, ನಿಜ. ಅದರಲ್ಲಿ ಎತ್ತರದ ಮಾತಿದೆ, ಕಾಂಪೌಂಡಿನ ಮಾತಿದೆ. ಜಗಲಿಯ ಸೊಲ್ಲೇ ಇಲ್ಲ. ಲಿಖಿತ ಕಾರಣ ಬೇಡಿದರೆ, ‘ಸಮಿತಿಯ ಅಭಿಪ್ರಾಯ’ ಎಂಬ ಎರಡೇ ಪದ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಕಾರಣ ಕೊಡದ ಉತ್ತರಕ್ಕೆ ಅಂಕವಿತ್ತವನಲ್ಲ. ದಾರಿಹೋಕನೊಬ್ಬ ಕುಳಿತು ದಣಿವಾರಿಸಿಕೊಳ್ಳುವ ಜಗಲಿ ಮಹನೀಯರಿಗೆ ಕುರೂಪವಾಗಿ ಕಂಡಿತೇ? ಬರುವ ಸರ್ವಸದಸ್ಯರ ಸಭೆಯಲ್ಲಿ ಬೈಲಾ ಪುಸ್ತಕವನ್ನೇ ಮುಂದಿಟ್ಟು ಕೇಳಲಿದ್ದೇನೆ: ಯಾವ ಕಲಮು, ಸ್ವಾಮಿ?